ಮಿಕ್ಸೆಡ್ ಗಾಡಿಯ ಧಡಕಿ

ರೈಲಿನವರ ಮನೆಯಲ್ಲಿ ನಗುವಂಥದ್ದು ಏನಾದರೂ ಒಂದು ಆಗುತ್ತಲೇ ಇರುತ್ತದೆ. ಆದ ಗಳಿಗೆಯಲ್ಲಿ ನಗು ಬರುವುದಿಲ್ಲ, ಅಷ್ಟೇ. ಬೆನ್ನುನೋವು ಕಡಿಮೆಯಾದ ಮೇಲೆ ಬರುತ್ತದೆ.

ನಾನು ಹುಟ್ಟಿದ್ದು ಬಸವನ ಬಾಗೇವಾಡಿ ಹತ್ತಿರದ ಒಂದು ಹಳ್ಳಿಯಲ್ಲಿ. ಈಗ ಇರುವುದು ಜಬಲಪುರದಲ್ಲಿ, ಮಗಳ ಮನೆಯಲ್ಲಿ. ಇಲ್ಲಿ ಕನ್ನಡ ಮಾತಾಡಬೇಕೆಂದರೆ ಮಗಳು ಕೆಲಸದಿಂದ ಬರುವವರೆಗೆ ಕಾಯಬೇಕು, ಇಲ್ಲವೇ ಕುಂಡದಲ್ಲಿನ ತುಳಸಿಯ ಜೊತೆ ಮಾತಾಡಬೇಕು. ಆದರೆ ಮನೆಯ ಹಿಂದೆಯೇ ಗೂಡ್ಸ್ ಗಾಡಿಗಳ ಹಳಿ ಇದೆ. ನಿಂತ ಗಾಡಿ ಹೊರಟಾಗ ಎಂಜಿನ್ ಕಡೆ ಶುರುವಾದ ಸದ್ದು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಾರುತ್ತ, ಧಡ್ ಧಡ್ ಧಡ್ ಎಂದು ನಮ್ಮ ಅಡುಗೆಮನೆಯ ಕಿಟಕಿ ದಾಟಿ ಹೋಗುತ್ತದೆ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ತೆರೆದು ನಿಲ್ಲುತ್ತೇನೆ. ಆ ಹೊಡೆತಕ್ಕೆ ನಮ್ಮ ಕಡೆ ಧಡಕಿ ಎನ್ನುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ನನ್ನ ಸಂಸಾರ ನಡೆದದ್ದೇ ಧಡಕಿಯ ಮೇಲೆ. ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗುವುದೋ ಬಿಡುವುದೋ ಎಂಬುದನ್ನೂ ಕೊನೆಗೆ ಅದೇ ತೀರ್ಮಾನಿಸಬೇಕಾಗಿ ಬಂತು.

ನಮ್ಮ ಮನೆಯವರು ಗಾರ್ಡ್. ಇಂಡಿ ಕಡೆಯ ಒಂದು ಸಣ್ಣ ಸ್ಟೇಶನ್ನಿನ ಕ್ವಾರ್ಟರ್ಸ್‌ನಲ್ಲಿ ನಾವು, ನಮ್ಮ ಅತ್ತೆ. ಪಕ್ಕದ ಮನೆಯಲ್ಲಿ ಮುದ್ದೇಬಿಹಾಳ ಕಡೆಯ ಡ್ರೈವರ್, ಅವನ ಹೆಂಡತಿ. ಇಬ್ಬರು ಗಂಡಸರೂ ಹೆಚ್ಚಾಗಿ ಒಂದೇ ಗಾಡಿಯ ಮೇಲೆ ಹೋಗುತ್ತಿದ್ದರು. ಅದು ಮೀಟರ್ ಗೇಜಿನ ಮಿಕ್ಸೆಡ್ ಗಾಡಿ. ಮುಂದೆ ಕಲ್ಲಿದ್ದಲಿನ ಎಂಜಿನ್, ಅದರ ಹಿಂದೆ ಜೋಳ, ತೊಗರಿ, ಸಿಮೆಂಟು ತುಂಬಿದ ವ್ಯಾಗನ್ನುಗಳು, ಅವುಗಳ ಹಿಂದೆ ಮಂದಿ ಕೂರುವ ಎರಡು ಬೋಗಿ, ಎಲ್ಲಕ್ಕೂ ಹಿಂದೆ ಬಾಲದಲ್ಲಿ ಗಾರ್ಡಿನ ಬೋಗಿ. ಎಂಜಿನ್ನಿನವನು ಸಣ್ಣಗೆ ಸೀನಿದರೂ ಬಾಲದಲ್ಲಿ ಕೂತವರ ಹಲ್ಲು ಕಟಕಟ ಅನ್ನುತ್ತಿದ್ದವು.

ಗಟ್ಟಿ ಬೇಳೆ

ಮದುವೆಯಾಗಿ ಬಂದ ಹೊಸತು. ನಮ್ಮವರು ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟು ಡ್ಯೂಟಿಗೆ ಹೋಗುವರು, ಸಂಜೆ ಹಳದಿ ಬಟ್ಟೆಯಲ್ಲಿ ಮನೆಗೆ ಬರುವರು. ಮೊದಲ ದಿನ ಎಲ್ಲೋ ಮದುವೆ ಮನೆಗೆ ಹೋಗಿ ಅರಿಷಿಣ ಹಚ್ಚಿಸಿಕೊಂಡು ಬಂದಿದ್ದಾರೆ ಎಂದುಕೊಂಡೆ. ನೋಡಿದರೆ ನಾನೇ ಬುತ್ತಿ ಕಟ್ಟಿಕೊಟ್ಟ ತೊಗರಿಬೇಳೆ. ಡಬ್ಬಿ ಬಿಚ್ಚಿ ತುತ್ತು ಎತ್ತುವುದಕ್ಕೂ ಧಡಕಿ ಬಾಲಕ್ಕೆ ಬಂದು ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ಹಸಿರು ನಿಶಾನೆ ತಾವೇ ತೋರಿಸಿದ್ದರೂ ಏರಿನಲ್ಲಿ, ಇಳಿಜಾರಿನಲ್ಲಿ ಅದು ಹೇಳದೆ ಕೇಳದೆ ಬರುತ್ತದೆ.

ಅತ್ತೆ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬ್ಯಾಳಿ ನೀರಾಗಿ ಮಾಡಿದ್ರ ಚೆಲ್ಲದ ಏನ್ ಮಾಡತೈತಿ? ನಿಮ್ಮ ಬಾಗೇವಾಡಿ ಕಡೆ ಬ್ಯಾಳಿ ಉಣ್ಣತಾರೋ, ಕುಡೀತಾರೋ?"

ಮರುದಿನ ಗಟ್ಟಿ ಮಾಡಿದೆ. ಅಂಗಿ ಹಳದಿ. ಅದರ ಮರುದಿನ ಇನ್ನೂ ಗಟ್ಟಿ ಮಾಡಿದೆ. ಹಳದಿ ದಪ್ಪವಾಯಿತು, ಅಷ್ಟೇ. ಕೊನೆಗೆ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಒಲೆಯ ಮುಂದೆ ಕೂತರು. ಬೇಳೆಯೊಳಗೆ ಸೌಟು ಊರಿ ಕೈ ಬಿಟ್ಟರು. ಸೌಟು ನೆಟ್ಟಗೆ ನಿಂತಿತು.

"ಈಗ ಚೆಲ್ಲಲಿ, ನೋಡೂಣು," ಎಂದು ಡಬ್ಬಿಯ ಮುಚ್ಚಳ ಒತ್ತಿದರು.

ಅಂದು ಸಂಜೆ ನಮ್ಮವರ ಅಂಗಿ ಹಾಲಿನಂತೆ ಬೆಳ್ಳಗಿತ್ತು. ಅತ್ತೆ ನನ್ನನ್ನು ಒಳಗಿನಿಂದ ಕೂಗಿ ಕರೆದು, ಮಗನನ್ನು ಮುಂದೆ ಹಿಂದೆ ತಿರುಗಿಸಿ ತೋರಿಸಿದರು. "ನೋಡ್ ಬೇ, ಹಿಂಗ ಮಾಡಬೇಕು ಅಡಗಿ."

ಆಗ ನಮ್ಮವರು ಮೆಲ್ಲಗೆ ಟೋಪಿ ತೆಗೆದರು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಬಟು. ಬೇಳೆ ಚೆಲ್ಲಿರಲಿಲ್ಲ. ಡಬ್ಬಿಗೆ ಡಬ್ಬಿಯೇ ಹಾರಿ ಬಂದಿತ್ತು.

"ಎವ್ವಾ, ನಾಳಿಂದ ತೆಳ್ಳಗ ಮಾಡ್ರಿ," ಎಂದರು ಹಣೆ ಹಿಡಿದುಕೊಂಡು. "ಅಂಗಿಯಾದ್ರ ಒಗೀಬಹುದು."

ಸೆರಗಿನ ಗಾಡಿ

ಆ ಗುಬಟಿನ ಮೇಲೆ ಅತ್ತೆಗೂ ಡ್ರೈವರನಿಗೂ ಕಂಪೌಂಡಿನ ಗೋಡೆಯಾಚೆಯಿಂದ ಜಗಳ ಶುರುವಾಯಿತು.

"ಏ ತಮ್ಮಾ, ನನ್ನ ಮಗನ ಹಣಿ ನೋಡಿದೇನು? ಎತ್ತಿನ ಬಂಡಿ ಹೊಡಿಯಾವ ಸೈತ ಹಿಂದ ಯಾರ ಕುಂತಾರ ಅಂತ ಹೊಳ್ಳಿ ನೋಡತಾನ."

"ನಾ ಏನ್ ಮಾಡ್ಲಿ ತಾಯಿ? ನಾ ಸಾವಕಾಶನ ಜಗ್ಗತೇನಿ. ವ್ಯಾಗನ್ ವ್ಯಾಗನ್ ನಡುವ ಕೊಕ್ಕಿ ಸಡಲ ಇರತಾವ್ರಿ."

"ಸಡಲ ಇದ್ರ ಬಿಗೀಬೇಕಪಾ. ನಿನಗ ಕೈ ಇಲ್ಲೇನು?"

ಕೊಕ್ಕೆ ಯಾಕೆ ಸಡಿಲ ಇರಬೇಕು ಎಂದು ನಮ್ಮವರು ತಾಯಿಗೆ ಬೆಂಕಿಪೊಟ್ಟಣಗಳನ್ನು ಸಾಲಾಗಿಟ್ಟು ವಿವರಿಸಿದರು. ಅತ್ತೆ ಒಂದು ಕಡ್ಡಿ ತೆಗೆದುಕೊಂಡು ಒಲೆ ಹಚ್ಚಲು ಎದ್ದು ಹೋದರು. ಮಣೆಗಳನ್ನು ಜೋಡಿಸಿ ತೋರಿಸಿದರು. ಒಂದರ ಮೇಲೆ ಅತ್ತೆ ಕೂತುಬಿಟ್ಟರು. ಕಡೆಗೆ ಡ್ರೈವರನ ಹೆಂಡತಿ ಬಂದಳು. ದಪ್ಪ ಹೆಂಗಸು, ನಕ್ಕರೆ ಎರಡು ಮನೆ ಆಚೆಗೆ ಕೇಳುತ್ತಿತ್ತು.

"ಗಂಡಸರು ಹೇಳಿದ್ರ ತಿಳಿಯೂದಿಲ್ಲ ಬಿಡ್ರಿ ಅತ್ತೀ. ಬರ್ರಿ, ನಾ ತೋರಸ್ತೇನಿ."

ಮಧ್ಯಾಹ್ನ ನಳದಿಂದ ನೀರು ತರುತ್ತಿದ್ದ ಕ್ವಾರ್ಟರ್ಸಿನ ಹೆಂಗಸರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಳು. ಪ್ರತಿಯೊಬ್ಬಳೂ ಮುಂದಿನವಳ ಸೆರಗಿನ ತುದಿ ಹಿಡಿಯಬೇಕು. ಮುಂದೆ ತಾನೇ ಎಂಜಿನ್. ನಡುವೆ ನಾವೆಲ್ಲ ಜೋಳದ ವ್ಯಾಗನ್ನುಗಳು. ಬಾಲದಲ್ಲಿ ಗಾರ್ಡಿನ ತಾಯಿ.

"ಸೆರಗು ಸಡಲ ಬಿಡ್ರಿ!" ಎಂದು ಕೂಗಿ, ಬಾಯಲ್ಲೇ ಸೀಟಿ ಹಾಕಿ ಅವಳು ಹೊರಟಳು. ಮೊದಲು ಅವಳ ಹಿಂದಿನವಳು ಎಳೆಸಿಕೊಂಡಳು, ಆಮೇಲೆ ಅವಳ ಹಿಂದಿನವಳು. ಹಾಗೇ ಒಬ್ಬೊಬ್ಬರಾಗಿ, ಅತ್ತೆಯ ಮುಂದಿದ್ದ ನಾನೂ ಹೊರಟೆ. ಬಾಲದಲ್ಲಿ ಅತ್ತೆ ಇನ್ನೂ ಚಸಮಾ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಧಡಕಿ ಮುಟ್ಟಿದ್ದೇ ತಡ, ಆ ವಯಸ್ಸಿನಲ್ಲಿ ಯಾರೂ ಓಡದಷ್ಟು ಓಡಿ ಬಂದು ನನ್ನ ಬೆನ್ನಿಗೆ ಗುದ್ದಿಕೊಂಡರು.

"ಬಿಗಿ ಹಿಡೀರಿ! ಈಗ ಬಿಗಿ ಹಿಡದ ಮಾಡ್ರಿ!" ಎಂದು ಅತ್ತೆಯೇ ಅಪ್ಪಣೆ ಕೊಟ್ಟರು.

ಎಲ್ಲರೂ ಸೆರಗು ಬಿಗಿಯಾಗಿ ಜಗ್ಗಿ ನಿಂತೆವು. ಡ್ರೈವರನ ಹೆಂಡತಿ ಜಗ್ಗಿದಳು. ಮುಖ ಕೆಂಪಾಯಿತು. ಸೀರೆ ಪರ್ ಅಂದಿತು. ಸಾಲು ಒಂದು ಬೆರಳಷ್ಟೂ ಅಲುಗಲಿಲ್ಲ.

"ಎಲ್ಲಾರನ್ನೂ ಒಮ್ಮಿಗೇ ಎಳಿಯಾಕ ನಾ ಏನ್ ಆನೀ ಏನ್ರಿ?" ಎಂದು ಅವಳು ನೆಲಕ್ಕೆ ಕೂತಳು.

ಕಟ್ಟೆಯ ಮೇಲಿಂದ ನಮ್ಮವರು ಹೇಳಿದರು: "ಅದ ನೋಡ್ರಿ ಎವ್ವಾ. ಸಡಲ ಇದ್ರ ಎಂಜಿನ್ ಒಂದೊಂದ ವ್ಯಾಗನ್ ಎಬ್ಬಸ್ತೈತಿ. ಬಿಗಿ ಇದ್ರ ಗಾಡೀನ ಏಳೂದಿಲ್ಲ. ಪೆಟ್ಟು ಸಣ್ಣದಾಗಲಿ ಅಂತ ಕೊಕ್ಕಿ ಹಿಂದ ಸ್ಪ್ರಿಂಗ್ ಇಟ್ಟಾರ. ಒಂದೊಂದೂ ತನ್ನ ಪಾಲಿಂದು ನುಂಗತೈತಿ."

"ಎಲ್ಲಾವೂ ನುಂಗಿ ಉಳಿದಿದ್ದು?"

"ಉಳಿದಿದ್ದು ನನಗ."

ಅತ್ತೆ ಸೊಂಟ ಹಿಡಿದುಕೊಂಡು ಮಗನನ್ನೇ ನೋಡಿದರು. "ಊಟದ ಪಂಕ್ತಿಯೊಳಗ ಕಡೀಕ ಕುಂತಾವಗ ಒಂದ ಹೋಳಿಗಿ ಉಳಿಯೂದಿಲ್ಲ. ಇದರಾಗ ನೋಡಿದ್ರ ಕಡೀಕ ಕುಂತಾವಗ ಬುಟ್ಟಿಗಟ್ಟಲೆ ಉಳಿಸ್ಯಾರಲ್ಲೋ!"

ಸಿಂದಗಿಯ ಬೀಗರು

ಮಿಕ್ಸೆಡ್ ಗಾಡಿಯಲ್ಲಿ ದಿನಾ ಓಡಾಡುವವರಿಗೆ ಒಂದು ರೂಢಿ ಇತ್ತು. ಗಾಡಿ ನಿಂತ ಕೂಡಲೇ ಯಾರೂ ಏಳುತ್ತಿರಲಿಲ್ಲ. ಎಂಜಿನ್ ನಿಂತಾಗ ಒಂದು ಧಡಕಿ. ಆಮೇಲೆ ವ್ಯಾಗನ್ನುಗಳೆಲ್ಲ ಒಂದರ ಮೇಲೊಂದು ಬಂದು ಒತ್ತಿ, ಒತ್ತಿಸಿಕೊಂಡ ಸ್ಪ್ರಿಂಗುಗಳು ತಿರುಗಿ ನೂಕಿ, ಎರಡನೆಯ ಧಡಕಿ. ಅದು ಆದ ಮೇಲೆಯೇ ಗಂಟು ಮೂಟೆ ಎತ್ತಬೇಕು. ಹೊಸಬರಿಗೆ ಇದು ಗೊತ್ತಿರುತ್ತಿರಲಿಲ್ಲ.

ನಮ್ಮ ಸ್ಟೇಶನ್ ಮಾಸ್ತರರ ಮಗಳನ್ನು ನೋಡಲು ಸಿಂದಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ತಂದೆ ದೊಡ್ಡ ಜಮೀನುದಾರ. ಗಂಜಿ ಹಾಕಿದ ರುಮಾಲು, ಅದಕ್ಕಿಂತ ಗಂಜಿ ಹಾಕಿದ ಮೀಸೆ. ದಾರಿಯುದ್ದಕ್ಕೂ ಹೆಂಡತಿಗೆ ಪಾಠ ಹೇಳುತ್ತ ಬಂದಿದ್ದರಂತೆ: "ನಾವು ಗಂಡಿನವರು. ಇಳಿದ ಕೂಡಲೇ ಕೈ ಮುಗ್ಯಾಕ ಹೋಗಬ್ಯಾಡ. ಮದಲ ಅವರ ಮುಗೀಲಿ."

ಗಾಡಿ ನಿಂತಿತು. ಮೊದಲ ಧಡಕಿ ಆಯಿತು. ಪ್ಲಾಟ್‌ಫಾರ್ಮಿನ ಮೇಲೆ ಮಾಸ್ತರರು ಹೊಸ ಧೋತರ ಉಟ್ಟು ನಿಂತಿದ್ದರು. ಹಿಂದೆ ನಾವೆಲ್ಲ ಆರತಿ ತಟ್ಟೆ ಹಿಡಿದಿದ್ದೆವು. ಬೋಗಿಯಲ್ಲಿನ ಹಳಬರು ಕೂತೇ ಇದ್ದರು. ಬೀಗರು ಮಾತ್ರ ಎದ್ದು, ಬಾಗಿಲಲ್ಲಿ ಒಂದು ಕಾಲು ಮುಂದಿಟ್ಟು, ಮೀಸೆಗೆ ಕೈ ಹಾಕಿ, ಮಾಸ್ತರರು ಕೈ ಮುಗಿಯಲಿ ಎಂದು ಕಾದರು.

ಎರಡನೆಯದು ಬಂತು.

ಮೊದಲು ರುಮಾಲು ಇಳಿಯಿತು. ಅದರ ಹಿಂದೆ ಬೀಗರು. ಎರಡೂ ಕೈ ಮುಂದೆ ಚಾಚಿ, ನೇರವಾಗಿ ಬಂದು, ಮಾಸ್ತರರ ಪಾದದ ಮೇಲೆ ಬಿದ್ದರು.

ಮಾಸ್ತರರು ಗಾಬರಿಯಾಗಿ, "ಅಯ್ಯೋ ಬೀಗರ, ಹಿರೇರು ನೀವು, ಇದೇನ್ರಿ ಇದು!" ಎಂದು ಎತ್ತಲು ಹೋದರು. ಬೋಗಿಯ ಬಾಗಿಲಲ್ಲಿ ಬೀಗತಿ ಕಂಬಿ ಹಿಡಿದು ನಿಂತಿದ್ದರು. ಒಂದು ಗಳಿಗೆ ಗಂಡನನ್ನು ನೋಡಿದರು, ಒಂದು ಗಳಿಗೆ ಆರತಿ ಹಿಡಿದ ನಮ್ಮನ್ನು ನೋಡಿದರು.

"ಹುಡುಗೀನ ನೋಡೂದರೊಳಗ ಇಷ್ಟ್ ಒಪ್ಪಿಗಿ ಆದ್ರ ಹ್ಯಾಂಗ್ರಿ?" ಎಂದರು. "ಏಳ್ರಿ, ಒಳಗ ಹೋಗಿ ಚಾ ಆದರೂ ಕುಡಿಯೂಣು."

ಮೊಸರಿನ ಪರೀಕ್ಷೆ

ಆ ಮದುವೆ ಚೆನ್ನಾಗಿ ಆಯಿತು. "ಆ ಡ್ರೈವರನ ಧಡಕಿ ಛಲೋ ಕೆಲಸಾ ಮಾಡಿದ್ದು ಇದೊಂದ," ಎಂದು ಅತ್ತೆ ಒಪ್ಪಿಕೊಂಡರು. ಆದರೆ ಅಷ್ಟರಲ್ಲಿ ನಮ್ಮ ಮನೆಯಲ್ಲೇ ದೊಡ್ಡ ವಿಷಯ ಎದ್ದಿತ್ತು. ಬಹಳ ದಿನ ಕಾದ ಮೇಲೆ ನನಗೆ ದಿನ ನಿಂತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಉಡಿ ತುಂಬಿ ಕಳಿಸಬೇಕು. ಎಂಟು ಹತ್ತಿತೋ, ಬಸುರಿ ಹೊಸ್ತಿಲು ದಾಟಿ ಊರು ಬದಲಿಸುವಂತಿಲ್ಲ. ಬಾಗೇವಾಡಿ ಕಡೆ ನಮ್ಮವ್ವ ಆಗಲೇ ಹುಟ್ಟುವ ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತ ಕೂತಿದ್ದಳು. ನನಗೋ, ಅವಳ ಮಗ್ಗುಲಲ್ಲಿ ಮಲಗಿ ಹೆರಬೇಕು ಎನ್ನುವುದೊಂದೇ ಆಸೆ. ಹೆರಿಗೆ ಎಂದರೆ ಅಷ್ಟು ಹೆದರಿಕೆ ಇತ್ತು. ಆದರೆ ಅತ್ತೆ ಕಳಿಸಲು ತಯಾರಿಲ್ಲ.

"ಬಸ್ಸಿನ್ಯಾಗ ಕಳಸ್ರಿ," ಎಂದರು ನಮ್ಮವರು.

"ಆ ರಸ್ತಾದಾಗ? ಕೂಸು ದಾರ್ಯಾಗ ಇಳಿದು ಕಂಡಕ್ಟರ್‌ನ ಕಡೆ ಟಿಕೀಟ ಕೇಳತೈತಿ."

"ಹಂಗಾರ ನಮ್ಮ ಗಾಡಿಯೊಳಗ."

"ನಿನ್ನ ಹಣಿ ಮ್ಯಾಲ ನಿಂಬಿಹಣ್ಣ ಎದ್ದಿದ್ದು ನಾ ಇನ್ನೂ ಮರತಿಲ್ಲ."

ನಾನು ಹಿಟ್ಟು ನಾದುತ್ತ ಕಣ್ಣೀರು ಹಾಕಿದೆ. ಅಂದಿನ ರೊಟ್ಟಿಗೆ ಉಪ್ಪು ಹಾಕುವ ಕೆಲಸ ಉಳಿಯಿತು.

ಸುದ್ದಿ ಹೆಂಡತಿಯ ಬಾಯಿಂದ ಡ್ರೈವರನಿಗೆ ಮುಟ್ಟಿತು. ಅವನಿಗೆ ಮನಸ್ಸಿಗೆ ಹತ್ತಿತು. ಮಸಿ ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದು ಅತ್ತೆಯ ಮುಂದೆ ನಿಂತ.

"ತಾಯಿ, ಈಕಿ ನನಗ ತಂಗಿ ಇದ್ದಂಗ. ಹೊಟ್ಟ್ಯಾಗಿನ ನೀರು ಅಲಗಾಡದಂಗ ಒಯ್ತೇನಿ. ಮಾತ ಕೊಡ್ತೇನಿ."

"ಬಾಯಿ ಮಾತು ಬ್ಯಾಡ. ಪರೀಕ್ಷಾ ಆಗಲಿ," ಎಂದರು ಅತ್ತೆ.

ಮರುದಿನ ಅತ್ತೆ ಒಂದು ಗಡಿಗೆಯ ತುಂಬ ರಾತ್ರಿಯೇ ಹೆಪ್ಪು ಹಾಕಿದ್ದ ಗಟ್ಟಿ ಮೊಸರು ತೆಗೆದುಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ಮಿಕ್ಸೆಡ್ ಗಾಡಿ ಹತ್ತಿದರು. ಗಡಿಗೆ ತೊಡೆಯ ಮೇಲೆ. ಮುಂದಿನ ಸ್ಟೇಶನ್ನಿನವರೆಗೆ ಹೋಗುವುದು, ಸಂಜೆ ಅದೇ ಗಾಡಿಯಲ್ಲಿ ತಿರುಗಿ ಬರುವುದು. ಮೊಸರು ಒಡೆಯದೆ ಬಂದರೆ ಸೊಸೆಯನ್ನು ಕಳಿಸುವುದು. ಡ್ರೈವರ್ ಅಂದು ಗಾಡಿಯನ್ನು ಎಷ್ಟು ನಾಜೂಕಾಗಿ ತಂದನೆಂದರೆ, ಇಳಿಯುವಾಗ ಅತ್ತೆಯ ಮುಖದಲ್ಲೂ ಒಂದಿಷ್ಟು ನಗು ಇತ್ತಂತೆ.

ಮನೆಗೆ ಬಂದು, ಎಲ್ಲರನ್ನೂ ಸುತ್ತ ನಿಲ್ಲಿಸಿ, ಅತ್ತೆ ಬಟ್ಟೆ ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಗಡಿಗೆಯಲ್ಲಿ ತೆಳ್ಳನೆಯ ಮಜ್ಜಿಗೆ. ಅದರ ಮೇಲೆ, ಮೊಲದ ಮರಿಯಂತೆ, ದುಂಡನೆಯ ಬೆಣ್ಣೆ ತೇಲುತ್ತಿತ್ತು.

ಡ್ರೈವರ್ ಗಡಿಗೆಯೊಳಗೆ ಇಣುಕಿದ.

"ಬೆಣ್ಣಿ ಭಾಳ ಛಲೋ ಬಂದೈತ್ರಿ ತಾಯಿ."

ಅತ್ತೆ ಅವನನ್ನು ಕೂರಿಸಿ, ಬಿಸಿ ರೊಟ್ಟಿಯ ಮೇಲೆ ಅದೇ ಬೆಣ್ಣೆ ಹಾಕಿ ಬಡಿಸಿದರು. ಉಂಡು ಮುಗಿಯುವವರೆಗೆ ಕಾದು, "ಪರೀಕ್ಷಾದಾಗ ಬೆಣ್ಣಿ ಪಾಸ್. ನೀ ಫೇಲ್," ಎಂದರು.

ಮರುದಿನ ಬೆಳಿಗ್ಗೆ ಡ್ರೈವರನ ಹೆಂಡತಿ ತನ್ನ ಮನೆಯ ಮೊಸರಿನ ಗಡಿಗೆ ಹೊತ್ತು ನಮ್ಮ ಬಾಗಿಲಿಗೆ ಬಂದಳು.

"ಇದನ್ನೂ ನಿಮ್ಮವರ ಬೋಗ್ಯಾಗ ಇಟಗೊಂಡ ಹೋಗ್ಲಿ ಅಕ್ಕಾ. ಕಡದ ಕಡದ ನನ್ನ ರಟ್ಟಿ ನೋಯಾಕತ್ತಾವು."

ಡೋಣಿ ಏರು

ಏಳನೆಯ ತಿಂಗಳು ಮುಗಿಯುತ್ತ ಬಂತು. ಕುಬಸವಾಯಿತು. ಅಪ್ಪ ಕರೆದೊಯ್ಯಲು ಬಂದ. ಅಪ್ಪ ಮಾತು ಕಡಿಮೆಯ ರೈತ. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಗೋಡೆ ನೋಡುತ್ತ ಹೇಳಿದ: "ಬೀಗತೇರ, ನಾಳೆ ಛಲೋ ದಿನ. ಅದು ತಪ್ಪಿದ್ರ ಎಂಟು ಹತ್ತತೈತಿ. ಗಾಡಿ ಬ್ಯಾಡಾದ್ರ ನಾ ಹೊತಗೊಂಡ ಹೋಗ್ತೇನಿ."

ಅವನು ಹಾಗೆ ಮಾಡುವವನೇ ಎಂದು ಅತ್ತೆಗೆ ಅನ್ನಿಸಿರಬೇಕು. ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಒಪ್ಪಿದರು. "ಆದರ ನಾನೂ ಬರ್ತೇನಿ. ಮತ್ತ, ಸ್ಪ್ರಿಂಗ್ ಹಾಕೂ ಕೆಲಸಾ ಆ ಡ್ರೈವರಗ ಬಿಡೂದಿಲ್ಲ. ನಾ ಹಾಕ್ತೇನಿ."

ಕ್ವಾರ್ಟರ್ಸಿನ ಎಲ್ಲ ಮನೆಗಳಿಂದ ಕೌದಿ ಬಂದವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ನಮ್ಮ ಕೌದಿ ಒಂದೊಂದೂ ಹಾಸಿಗೆಯಷ್ಟು ಮೆತ್ತಗೆ ಇರುತ್ತದೆ. ಬೋಗಿಯ ಹಲಗೆಯ ಮೇಲೆ ಕೌದಿಗಳ ಗುಡ್ಡೆ, ಬೆನ್ನಿಗೆ ಜೋಳದ ಹೊಟ್ಟಿನ ಚೀಲ, ಎರಡೂ ಮಗ್ಗುಲಿಗೆ ಅರಳೆಯ ದಿಂಬು. ನಡುವೆ ನಾನು, ಬಳೆಗಾರನ ಪೆಟ್ಟಿಗೆಯಲ್ಲಿನ ಗಾಜಿನ ಬಳೆಯಂತೆ. ಮುಖವೊಂದೇ ಹೊರಗೆ. ಎದುರು ಕೂತಿದ್ದ ಒಬ್ಬ ತೊಗರಿ ವ್ಯಾಪಾರಿ ಕೇಳಿದ:

"ಅಕ್ಕಾರ, ಇದು ಪ್ಯಾಸೆಂಜರೋ, ಪಾರ್ಸಲ್ಲೋ?"

ಗಾಡಿ ಹೊರಟಿತು. ಹೊರಟದ್ದೇ ತಿಳಿಯಲಿಲ್ಲ. ಡ್ರೈವರ್ ಒಂದೊಂದು ಕೊಕ್ಕೆ ಮೆಲ್ಲಗೆ ಜಗ್ಗಿ ನಿಲ್ಲುವವರೆಗೆ ಕಾದು, ಆಮೇಲೆ ಎಳೆಯುತ್ತಿದ್ದ. ಅತ್ತೆ ಅಂಗೈ ಮೇಲೆ ನೀರು ತುಂಬಿದ ತಂಬಿಗೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಹನಿ ಚೆಲ್ಲಲಿಲ್ಲ. ಬಿಜಾಪುರ ದಾಟಿತು. ಒಂದು ಸ್ಟೇಶನ್ನಿನಲ್ಲಿ ಗಾಡಿ ಅಷ್ಟೇ ಮೆತ್ತಗೆ ನಿಂತು, ಮೆತ್ತಗೆ ಹೊರಟಿತು. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದು ಕಿಟಕಿಯಾಚೆ ನೋಡಿ ಎದೆ ಬಡಿದುಕೊಂಡ.

"ನಮ್ಮ ಊರ ಹೋತಲ್ರೀ! ಎರಡನೇ ಧಡಕಿ ಆಗಲಿ, ಏಳೂಣು ಅಂತ ಕುಂತಿದ್ದೆ. ಅದು ಆಗಲೇ ಇಲ್ಲ!"

ಅತ್ತೆ ತಂಬಿಗೆಯಿಂದ ಕಣ್ಣು ತೆಗೆಯದೆ, "ಮುಂದಿನ ಸ್ಟೇಶನ್ನಿನ್ಯಾಗ ಇಳೀರಿ ಅಣ್ಣಾ. ಇವತ್ತ ಬಸುರಿ ಗಾಡಿ ಐತಿ," ಎಂದರು.

ಡೋಣಿ ಹೊಳೆ ದಾಟಿದ ಮೇಲೆ ಏರು. ಆ ಏರಿನಲ್ಲಿ ಹಳಿ ತುಂಬ ಕುರಿ. ಡ್ರೈವರ್ ಅಲ್ಲೂ ಬೆಣ್ಣೆಯಲ್ಲಿ ಚಾಕು ಇಳಿಸಿದಂತೆ ಗಾಡಿ ನಿಲ್ಲಿಸಿದ. ಕುರಿಗಳು ಹೋದವು. ಸೀಟಿ ಆಯಿತು. ಎಂಜಿನ್ ಭುಸ್ ಭುಸ್ ಎಂದಿತು, ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು, ಗಾಡಿ ಮಾತ್ರ ಅಲುಗಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಏರಿನಲ್ಲಿ ನಿಂತ ವ್ಯಾಗನ್ನುಗಳೆಲ್ಲ ಹಿಂದಕ್ಕೆ ಜೋತು, ಕೊಕ್ಕೆಗಳೆಲ್ಲ ಬಿಗಿದು ಕೂತಿದ್ದವು.

ಡ್ರೈವರ್ ಇಳಿದು, ಗಾಡಿಯುದ್ದಕ್ಕೂ ನಡೆದುಕೊಂಡು ಬಂದು ನಮ್ಮ ಕಿಟಕಿಯ ಕೆಳಗೆ ನಿಂತ.

"ತಾಯಿ, ನೀವೂ ಸೆರಗಿನ ಗಾಡಿಯೊಳಗ ಇದ್ರಿ. ಎಲ್ಲಾ ಬಿಗದ ನಿಂತೈತಿ. ಒಂದಿಷ್ಟ ಹಿಂದಕ್ಕ ನೂಕಿ, ಸಡಲ ಮಾಡಿ, ಮುಂದ ಜಗ್ಗಬೇಕು. ಏರಿನ್ಯಾಗ ನಿಂತ ಗಾಡಿ ಧಡಕಿ ಇಲ್ಲದ ಹೊರಡೂದಿಲ್ರಿ. ಅಪ್ಪಣಿ ಕೊಡ್ರಿ."

"ಕೊಡೂದಿಲ್ಲ."

"ಮತ್ತ ಹ್ಯಾಂಗ?"

"ನೀ ಮಾತ ಕೊಟ್ಟಿ."

"ಹೌದ್ರಿ, ಕೊಟ್ಟೇನಿ," ಎಂದು ಡ್ರೈವರ್ ಹೋಗಿ ಹಳಿಯ ಮೇಲೆ ಕೂತು ಬೀಡಿ ಹಚ್ಚಿದ.

ಮಂದಿ ಇಳಿದು ಗುಂಪುಗೂಡಿದರು. ನಮ್ಮವರು ಕೈಯಲ್ಲಿ ಹಸಿರು ನಿಶಾನೆ ಹಿಡಿದು ಒಮ್ಮೆ ತಾಯಿಯನ್ನು, ಒಮ್ಮೆ ಡ್ರೈವರನನ್ನು ನೋಡುತ್ತ ನಿಂತರು. ತೊಗರಿ ವ್ಯಾಪಾರಿ, "ಗಾರ್ಡ್ ಸಾಹೇಬ್ರ, ಎಂಜಿನ್ನಿಗೂ ಕುಬಸಾ ಮಾಡೂದೈತೇನ್ರಿ?" ಎಂದ. ಕುರುಬ ದೂರದಿಂದಲೇ ಕೂಗಿದ: "ನನ್ನ ಕುರಿ ಊರ ಮುಟ್ಟಾಕ ಬಂದ್ವು. ನಿಮ್ದ್ಯಾಕ ಇನ್ನೂ ನಿಂತೈತಿ?"

ಹೊತ್ತು ಏರುತ್ತಿತ್ತು. ರಾಹುಕಾಲ ಹತ್ತಿರವಾಗುತ್ತಿತ್ತು. ತವರು ಆ ಏರಿನಾಚೆಗೇ ಇತ್ತು. ಇನ್ನೊಂದು ಗಳಿಗೆ ಕಳೆದರೆ ಅತ್ತೆ, ದಿನ ಕೆಟ್ಟಿತು, ತಿರುಗಿ ಹೋಗೋಣ ಎನ್ನುತ್ತಾರೆ ಎಂದು ನನಗೆ ಎದೆ ಹೊಡೆದುಕೊಂಡಿತು. ಕೌದಿಗಳ ನಡುವಿನಿಂದ ಬಾಯಿ ಬಿಟ್ಟೆ.

"ಅತ್ತೀ, ನಾ ಕೆಳಗ ಇಳೀತೇನಿ. ಧಡಕಿ ಗಾಡಿ ತಿನ್ಲಿ. ಆಮ್ಯಾಲ ಹತ್ತತೇನಿ."

ಮಂದಿಯೆಲ್ಲ ಶಹಬ್ಬಾಸ್ ಎಂದು ತಿರುಗಿ ಗಾಡಿ ಹತ್ತಿದರು. ಅಪ್ಪ ನನ್ನನ್ನು ಮೆಲ್ಲಗೆ ಇಳಿಸಿ, ಬೇವಿನ ಮರದ ನೆರಳಿಗೆ ಕರೆದೊಯ್ದ. ಅತ್ತೆಯೂ ಇಳಿದವರು, ಎರಡು ಹೆಜ್ಜೆ ಹೋಗಿ ಹೊಳ್ಳಿದರು. "ಕೌದಿ ಯಾರರ ಎತಗೊಂಡ ಹೋದ್ರ?" ಎಂದು ತಿರುಗಿ ಹತ್ತಿ, ನನ್ನ ಜಾಗದಲ್ಲಿ ತಾವೇ ಕೂತರು.

ಎಂಜಿನ್ ಹಿಂದಕ್ಕೆ ನೂಕಿತು. ಧಡ್ ಧಡ್ ಧಡ್. ಮುಂದಕ್ಕೆ ಜಗ್ಗಿತು. ಬೆಳಗಿನಿಂದ ಉಳಿಸಿಟ್ಟ ಧಡಕಿಯನ್ನೆಲ್ಲ ಡ್ರೈವರ್ ಒಮ್ಮೆಗೇ ಬಡಿಸಿದಂತೆ ಆ ಸದ್ದು ಬಾಲದವರೆಗೂ ಓಡಿ ಬಂತು. ಕೌದಿಗಳು ಬಹಳ ಚೆನ್ನಾಗಿ ಕೆಲಸ ಮಾಡಿದವು. ಅತ್ತೆಯ ಒಂದು ಚಪ್ಪಲಿ ಮಾತ್ರ ಕಿಟಕಿಯಿಂದ ಹಾರಿ ನನ್ನ ಕಾಲ ಹತ್ತಿರ ಬಿತ್ತು.

ಗಾಡಿ ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಏರಿನಲ್ಲಿ ಮತ್ತೆ ನಿಲ್ಲಿಸಿದರೆ ಮತ್ತೆ ಬಿಗಿದು ಕೂರುತ್ತದೆ ಎಂದು ಅಷ್ಟು ಮಂದಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮವರು ಬಾಲದಿಂದ ಕೆಂಪು ನಿಶಾನೆ ಬೀಸಿದರು, ಆಮೇಲೆ ಗೊಂದಲಕ್ಕೆ ಬಿದ್ದು ಎರಡನ್ನೂ ಬೀಸಿದರು. ಡ್ರೈವರ್ ಎಂಜಿನ್ನಿನಿಂದ ತಲೆ ಹೊರಗೆ ಹಾಕಿ, "ನಿಲ್ಲಿಸಿದ್ರ ಮತ್ತ ಧಡಕಿ ಬೇಕಾಗತೈತ್ರೀ!" ಎಂದು ಕೂಗಿದ. ಕಿಟಕಿಯಲ್ಲಿ ಅತ್ತೆಯ ತಲೆ, ಅವರ ಎರಡೂ ಕೈ. "ಸೊಸಿ ಉಳದ್ಲೋ! ಕೌದಿ ಬಂದ್ವು, ಸೊಸಿ ಉಳದ್ಲೋ!" ಆ ಕೂಗು ಏರು ಹತ್ತಿ, ದಿಬ್ಬದಾಚೆ ಇಳಿದು ಹೋಯಿತು.

ಅಪ್ಪ ಬಾಯಲ್ಲಿನ ಎಲೆಯಡಿಕೆ ಉಗುಳಿ, ಕುರುಬನನ್ನು ಕೂಗಿ ಕೇಳಿದ: "ಇಲ್ಲಿ ಚಕ್ಕಡಿ ಸಿಗತೈತೇನೋ ಯಪ್ಪಾ?"

ಸಿಕ್ಕಿತು. ಪಕ್ಕದ ಹೊಲದ ರೈತ ಕಣಿಕೆ, ಅಂದರೆ ಜೋಳದ ದಂಟು, ಹೇರಿದ ಚಕ್ಕಡಿಗೆ ಎತ್ತು ಹೂಡಿದ, ಅದರ ಮೇಲೆ ನನ್ನನ್ನು ಕೂರಿಸಿದರು. ಅದಕ್ಕೆ ಕೊಕ್ಕೆಯೂ ಇಲ್ಲ, ಸ್ಪ್ರಿಂಗೂ ಇಲ್ಲ. ಕಟ್ಟಿಗೆಯ ಗಾಲಿ, ಮೇಲೆ ಕಬ್ಬಿಣದ ಪಟ್ಟಿ, ಕೆಳಗೆ ಎರೆಮಣ್ಣಿನಲ್ಲಿ ಒಣಗಿದ ಹಳ್ಳದಂಥ ಗಾಲಿಯ ಗುರುತು. ನಾನು ಏಳುತ್ತಿದ್ದೆ, ಬೀಳುತ್ತಿದ್ದೆ. ರೈತ ಸುಟ್ಟುಕೊಟ್ಟ ಎಳೆಜೋಳದ ಸೀತನಿ ಉಡಿಯಲ್ಲಿತ್ತು. ಒಂದು ಮುಕ್ಕು ಬಾಯಿಗೆ ಹಾಕಿದರೆ ಅರ್ಧ ಮೂಗಿಗೆ ಹೋಗುತ್ತಿತ್ತು. ಅಪ್ಪ ಒಂದು ಕೈಯಲ್ಲಿ ನನ್ನ ರಟ್ಟೆ, ಇನ್ನೊಂದರಲ್ಲಿ ಅತ್ತೆಯ ಚಪ್ಪಲಿ ಹಿಡಿದು ನಗುತ್ತಿದ್ದ. ಅವನು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ದಿಬ್ಬದಾಚೆಯ ಸ್ಟೇಶನ್ನಿನಲ್ಲಿ ಎದುರಿನ ಗಾಡಿಗಾಗಿ ನಮ್ಮ ಗಾಡಿ ಕಾಯುತ್ತ ನಿಂತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಕೌದಿಯ ಗುಡ್ಡೆ, ಅದರ ಮೇಲೆ ಒಂದೇ ಚಪ್ಪಲಿಯಲ್ಲಿ ಅತ್ತೆ. ನಾನು ಚಕ್ಕಡಿಯ ಮೇಲೆ ಆಕಾಶಕ್ಕೆ ಹಾರುತ್ತ ಬರುವುದನ್ನು ಕಂಡು ಎದ್ದು ಓಡಿ ಬಂದರು. ತಲೆಯಿಂದ ಕಾಲಿನವರೆಗೆ ತಡವಿದರು. ಕಣ್ಣಲ್ಲಿ ನೀರು.

"ಹೊಟ್ಟ್ಯಾಗ ಹ್ಯಾಂಗ ಆಗಾಕತ್ತೈತಿ ಬೇ? ಖರೇ ಹೇಳ."

"ಹಸಿವಿ ಆಗಾಕತ್ತೈತ್ರಿ ಅತ್ತೀ," ಎಂದೆ.

ತೊಟ್ಟಿಲು

ಅವ್ವನ ಮಗ್ಗುಲಲ್ಲೇ ಹೆತ್ತೆ. ಹೆಣ್ಣುಮಗು. ಈಗ ನಾನು ಇರುವುದು ಅವಳ ಮನೆಯಲ್ಲೇ.

ಬಾಣಂತನ ಮುಗಿಸಿ ಕೂಸಿನೊಡನೆ ಇಂಡಿ ಕಡೆಗೆ ತಿರುಗಿ ಬಂದೆ. ಅತ್ತೆ ತೊಟ್ಟಿಲು ಕಟ್ಟಿಸಿ, ಒಳಗೆ ಮೆತ್ತನೆಯ ಕೌದಿ ಹಾಸಿ ಕಾದಿದ್ದರು. ಗಾಳಿಗೂ ತಿಳಿಯದಂತೆ ಮೆಲ್ಲಗೆ ತೂಗಿದರು. ಕೂಸು ಅತ್ತಿತು. ಇನ್ನೂ ಮೆಲ್ಲಗೆ ತೂಗಿದರು. ಇನ್ನೂ ಜೋರಾಗಿ ಅತ್ತಿತು. ಮೂರು ದಿನ ಕ್ವಾರ್ಟರ್ಸಿನಲ್ಲಿ ಯಾರಿಗೂ ನಿದ್ದೆ ಇಲ್ಲ. ನಾಲ್ಕನೆಯ ದಿನ ಅತ್ತೆ ಹಗ್ಗ ಹಿಡಿದುಕೊಂಡೇ ಏಳಲು ಹೋಗಿ ಕಾಲು ಜಾರಿದರು. ತೊಟ್ಟಿಲು ಧಡ್ ಎಂದಿತು. ನಾನು ಅಯ್ಯೋ ಎಂದು ಓಡಿ ಬಂದೆ.

ಕೂಸು ಸುಮ್ಮನಾಗಿತ್ತು. ಕಣ್ಣು ಮುಚ್ಚುತ್ತ ನಗುತ್ತಿತ್ತು.

ಅತ್ತೆ ನನ್ನನ್ನು ನೋಡಿದರು, ತೊಟ್ಟಿಲನ್ನು ನೋಡಿದರು. ಹಗ್ಗವನ್ನು ಒಂದಿಷ್ಟು ಹಿಂದಕ್ಕೆ ಬಿಟ್ಟು, ಸಡಿಲ ಮಾಡಿ, ಮುಂದಕ್ಕೆ ಜಗ್ಗಿದರು. ಧಡ್. ಮತ್ತೊಮ್ಮೆ, ಧಡ್. ಸದ್ದು ಕೇಳಿ ಡ್ರೈವರ್ ಪಕ್ಕದ ಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತ.

"ಏನ್ರಿ ತಾಯಿ ಇದು! ಕೂಸಿನ ಹೊಟ್ಟ್ಯಾಗಿನ ಹಾಲು ಅಲಗಾಡತೈತಲ್ರಿ!"

ಅತ್ತೆ ಹಿಂತಿರುಗಿಯೂ ನೋಡಲಿಲ್ಲ. ಹಗ್ಗ ಜಗ್ಗುತ್ತಲೇ ಹೇಳಿದರು:

"ಸುಮ್ನ ನಿಂದ್ರು ತಮ್ಮಾ. ಗಾಡಿ ಏರಿನ್ಯಾಗ ನಿಂತೈತಿ. ಧಡಕಿ ಇಲ್ಲದ ಹೊರಡೂದಿಲ್ಲ."